ಗೋಡೆ ಹಾರಿದವನಿಗೆ ಜಾಮೀನು ಯಾರು?

ಸೆರೆಮನೆಯಿಂದ ತಪ್ಪಿಸಿಕೊಳ್ಳುವವನ ಸಿನಿಮಾ ನೋಡುವಾಗ ನಾವೆಲ್ಲ ಅವನ ಪಕ್ಷ. ಅವನ ಅಪರಾಧ ಏನು, ನಿಜವಾಗಿ ಮಾಡಿದ್ದನೋ ಇಲ್ಲವೋ ಎಂದು ಕೇಳುವ ಮೊದಲೇ ಕಾವಲುಗಾರನ ಕಣ್ಣು ತಪ್ಪಲಿ ಎಂದು ಹಾರೈಸುತ್ತೇವೆ. ಈ ಪಕ್ಷಪಾತ ಒಳ್ಳೆಯದೇ. ಮನುಷ್ಯನನ್ನು ಕೂಡಿಹಾಕುವುದು ಸಣ್ಣ ಸಂಗತಿಯಲ್ಲ ಎಂಬ ಅರಿವು ನಮ್ಮಲ್ಲಿ ಇನ್ನೂ ಉಳಿದಿದೆ ಎಂದರ್ಥ. ನನ್ನ ತಕರಾರು ಬೇರೆ. ಬಿಡುಗಡೆ ಎಂದರೆ ಒಬ್ಬನ ಎದೆಗಾರಿಕೆಯಿಂದ ಆಗುವ ಕೆಲಸ ಎಂದು ಈ ಚಿತ್ರಗಳು ನಂಬಿಸುತ್ತವೆ. ಅದು ಬಹುತೇಕ ಸುಳ್ಳು.

ಪೀಟರ್ ವಿಯರ್ ನಿರ್ದೇಶಿಸಿದ ‘ದಿ ವೇ ಬ್ಯಾಕ್’ (2010) ಚಿತ್ರವನ್ನೇ ತೆಗೆದುಕೊಳ್ಳಿ. ಕನ್ನಡಿಗರಿಗೆ ಈ ಕತೆ ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಮಹಾಪಲಾಯನ’ ಓದಿದವರಿಗೆ ಬಾಯಿಪಾಠ. ಎರಡಕ್ಕೂ ಮೂಲ ಪೋಲೆಂಡಿನ ಸ್ಲಾವೊಮಿರ್ ರಾವಿಚ್ 1956ರಲ್ಲಿ ಪ್ರಕಟಿಸಿದ ‘ದಿ ಲಾಂಗ್ ವಾಕ್’. ಸೈಬೀರಿಯಾದ ಕೈದಿ ಶಿಬಿರದಿಂದ ಹಿಮಗಾಳಿಯ ರಾತ್ರಿ ಹೊರಬಿದ್ದ ಕೆಲವರು ಬೈಕಲ್ ಸರೋವರದ ದಂಡೆ ಹಿಡಿದು, ಗೋಬಿ ಮರುಭೂಮಿ ದಾಟಿ, ಹಿಮಾಲಯ ಹತ್ತಿಳಿದು ಭಾರತ ಸೇರುವ ಕತೆ. ದಾರಿಯಲ್ಲಿ ಜೊತೆಯಾದ, ಚಿತ್ರದಲ್ಲಿ ಐರಿನಾ ಎಂಬ ಹೆಸರಿನ ಹುಡುಗಿ ಮರಳಿನಲ್ಲಿ ಕುಸಿದು ಸಾಯುತ್ತಾಳೆ.

ಬೇಸಿಗೆಯ ಒಂದು ರಾತ್ರಿ ಬೀದರ್ ಜಿಲ್ಲೆಯ ಜನವಾಡದ ನಮ್ಮ ಮನೆಯಲ್ಲಿ ಇದನ್ನು ಟಿವಿಗೆ ಹಾಕಿದ್ದೆವು. ಪಕ್ಕದ ಮನೆಯ ಕಾಕಾ ಬಂದು ಕೂತರು. ಮಾತು ತಿಳಿಯದಿದ್ದರೂ ಕತೆ ಅವರಿಗೆ ತಿಳಿದಿತ್ತು. ಗೋಬಿಯ ದೃಶ್ಯ ಬಂದಾಗ ನಮ್ಮ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಕಾಕಾ ಮಾತ್ರ, “ಇಷ್ಟ್ ದೂರ ನಡದ್ರು ಖರೆ, ಇವರಿಗಿ ಜಾಮೀನ್ ಕೊಡಾವ್ರು ಯಾರೂ ಇದ್ದಿಲ್ಲೇನು?” ಎಂದರು. ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಇಡೀ ಚಿತ್ರದಲ್ಲಿ ಯಾರೂ ಕೇಳದ ಪ್ರಶ್ನೆ ಅದಾಗಿತ್ತು.

ರಾವಿಚ್‌ನ ಬದುಕಿನಲ್ಲಿ ಆ ಪ್ರಶ್ನೆಗೆ ಉತ್ತರವೂ ಇದೆ. ಅವನು ನಡೆದೇ ಇರಲಿಲ್ಲ ಎಂದು ತೋರಿಸುವ ಸೋವಿಯತ್ ಕಡತಗಳನ್ನು 2006ರಲ್ಲಿ ಬಿಬಿಸಿ ಬೆಳಕಿಗೆ ತಂದಿತು. ಹಿಟ್ಲರ್ ರಷ್ಯಾದ ಮೇಲೆ ಏರಿಹೋದ ಮೇಲೆ, 1941ರ ಜುಲೈನಲ್ಲಿ ಸೋವಿಯತ್ ಸರ್ಕಾರಕ್ಕೂ ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರಕ್ಕೂ ಒಪ್ಪಂದವಾಯಿತು. ಪೋಲಿಷ್ ಕೈದಿಗಳಿಗೆ ಕ್ಷಮಾದಾನ ಸಿಕ್ಕಿತು. ರಾವಿಚ್ 1942ರಲ್ಲಿ ಹಾಗೆ ಬಿಡುಗಡೆಯಾದವರಲ್ಲಿ ಒಬ್ಬ. ಅವನನ್ನು ಹೊರತಂದದ್ದು ಕಾಲುಗಳಲ್ಲ, ಎಲ್ಲೋ ದೂರದಲ್ಲಿ ಬಿದ್ದ ಎರಡು ಸಹಿ. ಆದರೆ ಸಹಿಯ ಸಿನಿಮಾವನ್ನು ಯಾರು ನೋಡುತ್ತಾರೆ? ನಾವು ನೋಡುವುದಿಲ್ಲ, ಆದ್ದರಿಂದ ಯಾರೂ ತೆಗೆಯುವುದಿಲ್ಲ.

ಗೋಡೆ ಹಾರಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಬೀದರ್‌ನ ಇತಿಹಾಸದಲ್ಲೇ ಒಂದು ಕತೆಯಿದೆ. ಬಹಮನಿ ಸುಲ್ತಾನ ಹುಮಾಯೂನ್ ತನ್ನ ತಮ್ಮ ಹಸನ್ ಖಾನನ ಕಣ್ಣು ಕೀಳಿಸಿ ಸೆರೆಗೆ ಹಾಕಿದ್ದ. 1460ರಲ್ಲಿ ಸುಲ್ತಾನ ತೆಲಂಗಾಣದ ದಂಡಯಾತ್ರೆಯಲ್ಲಿದ್ದಾಗ ಯೂಸುಫ್ ತುರ್ಕ್ ಎಂಬವನು ವೇಷ ಮರೆಸಿಕೊಂಡ ಸಂಗಡಿಗರೊಂದಿಗೆ ಬಂದು, ಕಾವಲಿನವರನ್ನು ಮೋಸಗೊಳಿಸಿ ಬೀದರ್‌ನ ಸೆರೆಮನೆ ಒಡೆದ. ಹಸನ್ ಖಾನ್, ಸೂಫಿ ಮನೆತನದ ಶಾ ಹಬೀಬುಲ್ಲಾ, ಅವರೊಂದಿಗೆ ಸಾವಿರಾರು ಕೈದಿಗಳು ಹೊರಬಂದರು ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಸಿನಿಮಾವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇತಿಹಾಸ ಮುಗಿಯಲಿಲ್ಲ. ಸುಲ್ತಾನನ ಸೇನೆಗೆ ಸೋತು ಓಡಿದ ಹಸನ್ ಖಾನನನ್ನು ವಿಜಯಪುರದ ಅಧಿಕಾರಿ ಆದರದಿಂದ ಒಳಗೆ ಕರೆದುಕೊಂಡು ಹಿಡಿದುಕೊಟ್ಟ. ಹಬೀಬುಲ್ಲಾ ಅಲ್ಲೇ ಹತನಾದ. ಹಸನ್‌ನನ್ನು ಬೀದರ್‌ಗೆ ತಂದು ಅಣ್ಣನ ಕಣ್ಣೆದುರು ಹುಲಿಯ ಬಾಯಿಗೆ ಎಸೆದರು. ಸೆರೆ ಒಡೆಯುವ ಧೈರ್ಯಕ್ಕೆ ಅಂದು ಕೊರತೆ ಇರಲಿಲ್ಲ. ಹೊರಗೆ ನಿಂತು ‘ಇವನಿಗೆ ನಾನಿದ್ದೇನೆ’ ಎನ್ನುವ ಮನೆ ಒಂದೂ ಇರಲಿಲ್ಲ.

ಇಂದಿನ ಸೆರೆಮನೆಗೂ ಈ ಮಾತು ಅನ್ವಯಿಸುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5.73 ಲಕ್ಷ, ಅವರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧಿಗಳೆಂದು ಇನ್ನೂ ತೀರ್ಮಾನವಾಗದವರು. ಜಾಮೀನು ಮಂಜೂರಾದ ಮೇಲೂ ಹೊರಬರಲಾಗದವರು ಇವರ ನಡುವೆ ಇದ್ದಾರೆ. ಭದ್ರತೆ ಕೊಡುವವರು ಬೇಕು. ನಮ್ಮ ಕಡೆ ಅದಕ್ಕೆ ಹೊಲದ ಪಹಣಿ ಹಿಡಿದು ಕೋರ್ಟಿಗೆ ಬರುವ ಒಬ್ಬ ಮನುಷ್ಯ ಬೇಕು. ಆರೋಪಿ ತಪ್ಪಿಸಿಕೊಂಡರೆ ಬಾಂಡಿನ ಹಣ ಭದ್ರತೆ ಕೊಟ್ಟವನ ತಲೆಗೆ ಬರುತ್ತದೆ. ಎರಡು ಎಕರೆ ಒಣಭೂಮಿಯವನು ಹಿಂಜರಿದರೆ ಅವನನ್ನು ಬೈಯುವ ಹಕ್ಕು ನನಗಿಲ್ಲ. ಆದರೂ ಹೇಳುತ್ತೇನೆ: ಹಾಗೆ ಹಿಂಜರಿಯದೆ ಬೆಳಗಿನ ಬಸ್ಸು ಹತ್ತಿ, ಪಹಣಿ, ಆಧಾರ್ ಕಾರ್ಡ್ ಹಿಡಿದು ಸಂಜೆವರೆಗೆ ಕೋರ್ಟಿನ ಕಟ್ಟೆಯಲ್ಲಿ ಕಾಯುವವನ ಧೈರ್ಯ ಗೋಬಿ ದಾಟಿದವನದಕ್ಕಿಂತ ಕಡಿಮೆಯದಲ್ಲ.

ಭದ್ರತೆ ಕೇಳದಿದ್ದರೆ ಆರೋಪಿಗಳು ಓಡಿಹೋಗುತ್ತಾರೆ ಎಂಬ ವಾದ ಇದೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಒಬ್ಬ ಬಡವನನ್ನು ಊರಿಗೆ ಕಟ್ಟಿಹಾಕುವುದು ಹಣಕ್ಕಿಂತ ಮನೆ, ಮಕ್ಕಳು, ದುಡಿಮೆ. 1978ರ ಮೋತಿರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಂಡದ್ದು ಇದನ್ನೇ. ಗಾರೆ ಕೆಲಸದ ಒಬ್ಬ ಬಡವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಭದ್ರತೆ ಕೇಳಿದ್ದರು. ಅವನ ಅಣ್ಣತಮ್ಮಂದಿರಲ್ಲೊಬ್ಬರು ಮುಂದೆ ಬಂದರೆ, ಅವರ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಗಡಿಯ ಜನರಾದ ನಮಗೆ ಈ ತೀರ್ಪು ಬೇರೆಲ್ಲರಿಗಿಂತ ಹತ್ತಿರದ್ದು. ಜನವಾಡದಿಂದ ಹಿಡಿದು ಔರಾದ್, ಭಾಲ್ಕಿಯವರೆಗೆ ಯಾವ ಮನೆಗೆ ಹೋದರೂ ಮಗಳನ್ನು ಮಹಾರಾಷ್ಟ್ರದ ಉದಗೀರಕ್ಕೆ ಕೊಟ್ಟಿರುತ್ತಾರೆ, ಇಲ್ಲವೇ ಸೊಸೆ ತೆಲಂಗಾಣದ ಜಹೀರಾಬಾದ್ ಕಡೆಯವಳಾಗಿರುತ್ತಾಳೆ. ಕಷ್ಟಕ್ಕೆ ಓಡಿಬರುವ ಬೀಗರ ಹೊಲ ಇನ್ನೊಂದು ರಾಜ್ಯದಲ್ಲಿರುತ್ತದೆ. ಜಾಮೀನು ಸಿಕ್ಕು ಒಂದು ತಿಂಗಳಾದರೂ ಭದ್ರತೆ ಒದಗಿಸಲಾಗದವನ ಷರತ್ತನ್ನು ಕೋರ್ಟು ತಾನಾಗಿಯೇ ಸಡಿಲಿಸಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಒಂದು ತಿಂಗಳಾದರೂ ಯಾಕೆ ಬೇಕು? ಉದಗೀರದ ಬೀಗರು ತರುವ ಸಾತ್‌ಬಾರಾ ಉತಾರಕ್ಕೆ, ಅಂದರೆ ಅಲ್ಲಿಯ ಪಹಣಿಗೆ, ಜನವಾಡದ ಪಹಣಿಯಷ್ಟೇ ಬೆಲೆ ಕೊಡುವುದಕ್ಕೆ ಮೋತಿರಾಮ್ ತೀರ್ಪು ಸಾಕು. ನಮ್ಮ ವಕೀಲರು ಅದನ್ನು ಕೈಯಲ್ಲಿ ಹಿಡಿದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕು.