ಕೂಸನ್ನು ಅಳೆಯುವ ಕೋಲು

ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ ಬೆಂಗಳೂರಿನಿಂದ ಮಗಳ ಫೋನು ಬಂತು. "ಅಮ್ಮ, ನಾನು ಕೆಲಸ ಬಿಡ್ತೀನಿ" ಎಂದಳು. ಮತ್ತೆ ಕೆಲಸಕ್ಕೆ ಸೇರಿ ಮೂರು ವಾರವೂ ಆಗಿರಲಿಲ್ಲ. ಹದಿನಾಲ್ಕು ತಿಂಗಳ ಮಗನನ್ನು ಡೇ ಕೇರಿನಲ್ಲಿ ಬಿಡುತ್ತಿದ್ದಳು. ಬೆಳಿಗ್ಗೆ ಬಿಡುವಾಗ ಅಳು, ಸಂಜೆ ಕರೆತರಲು ಹೋದರೆ ಅದಕ್ಕಿಂತ ಜೋರು ಅಳು. ಎತ್ತಿಕೊಂಡರೆ ಅವಳನ್ನೇ ಒದೆಯುತ್ತಿದ್ದನಂತೆ. ಅಲ್ಲಿಗೆ ವಾರಕ್ಕೊಮ್ಮೆ ಬರುವ ಸಲಹೆಗಾರ್ತಿಯೊಬ್ಬರು ಇವಳನ್ನು ಕೂರಿಸಿಕೊಂಡು, ಮಗುವಿಗೂ ತಾಯಿಗೂ ನಡುವಿನ ಬಾಂಧವ್ಯ 'ಅಭದ್ರ'ವಾಗಿದೆ, ಹೀಗೇ ಬಿಟ್ಟರೆ ಮುಂದೆ ತೊಂದರೆ ಎಂದು ಹೇಳಿ ಕಳಿಸಿದ್ದರು. ಅಳಿಯನೂ ಪಕ್ಕದಲ್ಲೇ ಕೂತಿದ್ದ. ಅವನ ಬಾಂಧವ್ಯ ಹೇಗಿದೆ ಎಂದು ಯಾರೂ ಕೇಳಲಿಲ್ಲ.

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಇಪ್ಪತ್ತಾರು ವರ್ಷ ಬಿ.ಎಡ್. ಕಾಲೇಜಿನಲ್ಲಿ ಮಕ್ಕಳ ಮನಶ್ಶಾಸ್ತ್ರ ಪಾಠ ಮಾಡಿದವಳು ನಾನು. ಭದ್ರ ಬಾಂಧವ್ಯ, ಅಭದ್ರ ಬಾಂಧವ್ಯ ಎಂದು ನೋಟ್ಸ್ ಬರೆಸಿದವಳೂ ನಾನೇ. ಆ ಅಳತೆಕೋಲು ಎಲ್ಲಿ ತಯಾರಾಯಿತು, ಯಾರ ಮಕ್ಕಳನ್ನು ಅಳೆಯಲು ತಯಾರಾಯಿತು ಎಂಬುದನ್ನು ಒಂದು ದಿನವೂ ವಿದ್ಯಾರ್ಥಿಗಳಿಗೆ ಹೇಳಿರಲಿಲ್ಲ. ಈಗಲಾದರೂ ಹೇಳುತ್ತೇನೆ, ಕೇಳಿ.

ಮೇರಿ ಏನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ 1954ರಲ್ಲಿ, ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿತೆಂದು, ಆಫ್ರಿಕದ ಉಗಾಂಡಾಕ್ಕೆ ಹೋದರು. (ಗಂಡನ ಕೆಲಸದ ಹಿಂದೆ ಗಂಟುಮೂಟೆ ಕಟ್ಟುವುದು ನಮಗೇನೂ ಹೊಸದಲ್ಲವಲ್ಲ!) ಹೋದವರು ಸುಮ್ಮನೆ ಕೂರಲಿಲ್ಲ. ಹಳ್ಳಿಗಳ 26 ಮನೆಗಳಿಗೆ ದುಭಾಷಿಯನ್ನು ಕರೆದುಕೊಂಡು ತಿಂಗಳುಗಟ್ಟಲೆ ಎಡತಾಕಿ, ಕೂಸುಗಳು ಯಾರನ್ನು ಕಂಡರೆ ನಗುತ್ತವೆ, ಯಾರ ಹಿಂದೆ ಅಂಬೆಗಾಲಿಡುತ್ತವೆ ಎಂದು ನೋಡಿ ಬರೆದುಕೊಂಡರು. ಅದು 1967ರಲ್ಲಿ ಪುಸ್ತಕವಾಗಿ ಬಂತು. ಆದರೆ ಪಠ್ಯಪುಸ್ತಕಗಳಲ್ಲಿ ಉಳಿದದ್ದು ಆ ಮನೆಗಳಲ್ಲ. ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ಅವರು ರೂಪಿಸಿದ ಸುಮಾರು ಇಪ್ಪತ್ತು ನಿಮಿಷದ ಒಂದು ಪರೀಕ್ಷೆ. ಗುರುತಿಲ್ಲದ ಕೋಣೆ, ಒಂದಷ್ಟು ಆಟಿಕೆ, ಗುರುತಿಲ್ಲದ ಒಬ್ಬ ಹೆಂಗಸು. ತಾಯಿ ಮಗುವನ್ನು ಬಿಟ್ಟು ಎದ್ದು ಹೋಗುತ್ತಾಳೆ, ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಅವಳು ವಾಪಸು ಬಂದಾಗ ಮಗು ಏನು ಮಾಡಿತು ಎಂಬುದರ ಮೇಲೆ ತೀರ್ಮಾನ. ಬೇಗ ಸಮಾಧಾನಗೊಂಡು ಆಟಕ್ಕೆ ಮರಳಿದರೆ ಭದ್ರ. ತಾಯಿಯ ಕಡೆ ತಿರುಗಿಯೂ ನೋಡದಿದ್ದರೆ ಒಂದು ಬಗೆಯ ಅಭದ್ರ. ಅಪ್ಪಿಕೊಂಡೂ ಒದೆಯುತ್ತಿದ್ದರೆ ಇನ್ನೊಂದು ಬಗೆ.

ಇದೇ ಪರೀಕ್ಷೆಯನ್ನು ಜಪಾನಿನ ಸಪ್ಪೊರೊದಲ್ಲಿ ಮಾಡಿದಾಗ ಏನಾಯಿತು ಗೊತ್ತೇ? ಒದೆದು ಅಳುವ ಕೂಸುಗಳೇ ಬಹಳ ಸಿಕ್ಕವು. ಅಲ್ಲಿಯ ತಾಯಂದಿರು ಕೆಟ್ಟವರೇ? ಅಲ್ಲ. ತಾಯಿಯ ಬೆನ್ನಿಗೆ, ಮಗ್ಗುಲಿಗೆ ಅಂಟಿಕೊಂಡೇ ಬೆಳೆದ ಆ ಮಕ್ಕಳನ್ನು ಒಂಟಿಯಾಗಿ ಕೋಣೆಯಲ್ಲಿ ಬಿಡುವುದೇ ಒಂದು ಅನಾಹುತವಾಗಿತ್ತು. ಅತ್ತ ಉತ್ತರ ಜರ್ಮನಿಯ ಬೀಲೆಫೆಲ್ಡಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ತಾಯಿ ಬಂದರೂ ತಲೆಯೆತ್ತಲಿಲ್ಲ. ಮಕ್ಕಳು ಬೇಗ ತಮ್ಮ ಕಾಲ ಮೇಲೆ ನಿಲ್ಲಬೇಕೆಂದು ಬಯಸುವ ಊರು ಅದು. ಕೋಲು ಒಂದೇ. ಅದು ಅಳೆದದ್ದು ತಾಯಿಯ ಪ್ರೀತಿಯನ್ನೋ, ಊರಿನ ರೂಢಿಯನ್ನೋ?

1988ರಲ್ಲಿ ಇಬ್ಬರು ಡಚ್ ಸಂಶೋಧಕರು ಇಂಥ 32 ಅಧ್ಯಯನಗಳನ್ನು, ಸುಮಾರು ಎರಡು ಸಾವಿರ ಮಕ್ಕಳ ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದರು. ದೇಶದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಒಂದೂವರೆ ಪಟ್ಟು ಹೆಚ್ಚಿತ್ತು. ಎಲ್ಲ ಕೂಡಿಸಿದರೆ ಸುಮಾರು ಮೂರರಲ್ಲಿ ಒಂದು ಮಗು 'ಅಭದ್ರ'. ಅಂದರೆ ಇದು ಕಾಯಿಲೆಯ ಹೆಸರಲ್ಲ; ಚೆನ್ನಾಗಿ ಉಂಡು ಆಡುವ ಸಾಮಾನ್ಯ ಮಕ್ಕಳಲ್ಲೂ ಕಾಣುವ ಒಂದು ವರ್ಗ. ಇನ್ನೊಂದು ಮಾತು: ಆ 32ರಲ್ಲಿ 18 ಅಮೆರಿಕದವು. ಒಟ್ಟು ಎಂಟು ದೇಶ. ಆ ಎಂಟರಲ್ಲಿ ಭಾರತ ಇರಲಿಲ್ಲ. ಶಾಸ್ತ್ರಕ್ಕೆ ಬೇರು ಕೊಟ್ಟ ಉಗಾಂಡಾ ಕೂಡ ಇರಲಿಲ್ಲ.

ಹೀಗಿರುವಾಗ, ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿದ ಸಲಹೆಗಾರ್ತಿ ನನ್ನ ಮಗಳ ಹಣೆಗೆ ಈ ಚೀಟಿ ಅಂಟಿಸಿದ್ದು ಯಾವ ನ್ಯಾಯ?

ಇಷ್ಟು ಓದಿ, "ನೋಡಿದಿರಾ, ಇದಕ್ಕೇ ಹೇಳೋದು, ನಮ್ಮ ಪದ್ಧತಿಯೇ ಒಳ್ಳೆಯದು" ಎಂದು ಕುರ್ಚಿ ಎಳೆದುಕೊಳ್ಳುವವರಿದ್ದಾರೆ. ನಮ್ಮ ಬೀದಿಯಲ್ಲೇ ಇದ್ದಾರೆ. "ನಮ್ಮ ಕಾಲದಲ್ಲಿ ಮಕ್ಕಳು ತಾವಾಗಿ ಬೆಳೆಯುತ್ತಿದ್ದವಮ್ಮ" ಎನ್ನುತ್ತಾರೆ. ಅವರ ಜೊತೆಗೂ ನನ್ನ ಜಗಳವಿದೆ.

ತುಂಬಿದ ಮನೆಯಲ್ಲಿ ಮಕ್ಕಳು ಬೆಳೆಯುವುದು ನಿಜ. ಕಾಂಗೋದ ಇತುರಿ ಕಾಡಿನ ಎಫೆ ಜನರಲ್ಲಿ ಕೂಸು ಹುಟ್ಟಿದ ಮೊದಲ ತಿಂಗಳುಗಳಲ್ಲೇ ಹತ್ತಕ್ಕೂ ಹೆಚ್ಚು ಜನರ ಕೈಯಲ್ಲಿ ಆಡುತ್ತದೆ; ಬೇರೆ ಹೆಂಗಸರು ಹಾಲೂ ಕೊಡುತ್ತಾರೆ ಎಂದು ಅಲ್ಲಿದ್ದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಮಧ್ಯ ಆಫ್ರಿಕದ ಆಕಾ ಜನರಲ್ಲಿ ತಂದೆ ದಿನದ ಹೆಚ್ಚುಕಡಿಮೆ ಅರ್ಧ ಹೊತ್ತು ಕೂಸನ್ನು ಎತ್ತಿಕೊಂಡಿರುತ್ತಾನೆ, ಇಲ್ಲವೇ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತಾನೆ. ತಾಯೊಬ್ಬಳಿಂದಲೇ ಮನುಷ್ಯನ ಕೂಸು ಬದುಕಿ ಉಳಿಯುವುದು ಸಾಧ್ಯವಿರಲಿಲ್ಲ ಎಂದು ಸಾರಾ ಹರ್ಡಿ 2009ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದರು.

ಆದರೆ ನಮ್ಮ ಮನೆಯಲ್ಲಿ ಆ ಕೈಗಳು ಯಾರವು? 1977ರಲ್ಲೇ ಇಬ್ಬರು ಸಂಶೋಧಕರು ಲೋಕದ ಅನೇಕ ಸಮಾಜಗಳಲ್ಲಿ ಎಳೆಯ ಮಕ್ಕಳನ್ನು ನೋಡಿಕೊಳ್ಳುವವರು ಅವರ ಅಕ್ಕ ಅಣ್ಣಂದಿರೇ ಎಂದು ತೋರಿಸಿದ್ದರು. ನನಗದನ್ನು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನನ್ನ ಅಕ್ಕ. ನಾನು ಹುಟ್ಟಿದಾಗ ಅವಳಿಗೆ ಒಂಬತ್ತು ವರ್ಷ. ಅಮ್ಮನಿಗೆ ಕೊಟ್ಟಿಗೆ, ಗದ್ದೆ, ಅಡಿಗೆ. ಅಕ್ಕನ ಶಾಲೆ ಮೂರನೆಯ ಕ್ಲಾಸಿಗೆ ನಿಂತಿತು. ಅಣ್ಣನದು ನಿಲ್ಲಲಿಲ್ಲ. ನಾನು ಎಂ.ಎ., ಎಂ.ಎಡ್. ಮಾಡಿ ಮಕ್ಕಳ ಬಗ್ಗೆ ಭಾಷಣ ಮಾಡಿದೆ. ಅಕ್ಕ ಈಗಲೂ ಬಸ್ಸಿನ ಬೋರ್ಡನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾಳೆ. ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಮಕ್ಕಳು ತಾವಾಗಿ ಬೆಳೆದವಂತೆ!

ಒಬ್ಬರು ಅಮೆರಿಕದ ಕೋಲು ಹಿಡಿದು ತಾಯಿಗೆ ಹೊಡೆಯುತ್ತಾರೆ, ಇನ್ನೊಬ್ಬರು ಅಜ್ಜಿಯ ಕಾಲದ ಕೋಲು ಹಿಡಿದು ಹೊಡೆಯುತ್ತಾರೆ. ಪೆಟ್ಟು ಬೀಳುವ ಬೆನ್ನು ಮಾತ್ರ ಒಂದೇ. ಇಷ್ಟೆಲ್ಲ ದೇಶಗಳ ಸಂಶೋಧನೆಯಿಂದ ನನಗೆ ತಿಳಿದದ್ದಿಷ್ಟು: ಕೂಸನ್ನು ಬೆಳೆಸಲು ಹಲವು ಕೈ ಬೇಕು. ಹಾಗಾದರೆ ಕೇಳಬೇಕಾದದ್ದು "ತಾಯಿ ಎಲ್ಲಿ ತಪ್ಪಿದಳು" ಎಂದಲ್ಲ, "ಉಳಿದ ಕೈಗಳು ಎಲ್ಲಿ ಹೋದವು" ಎಂದು.

ಸರ್ಕಾರವನ್ನೂ ಕೇಳೋಣ. 1975ರ ಅಕ್ಟೋಬರ್ 2ರಂದು ನಮ್ಮ ಟಿ. ನರಸೀಪುರದಲ್ಲಿ ಅಂಗನವಾಡಿಗಳು ಶುರುವಾದವು. ಅವು ಮೂರು ದಾಟಿದ ಮಕ್ಕಳನ್ನು ಕೂರಿಸಿಕೊಂಡವು. ಅದಕ್ಕಿಂತ ಚಿಕ್ಕವರ ಪಾಲಿಗೆ ಬಂದದ್ದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಆರಂಭವಾದಾಗ ನಾನು ಸಂತೋಷಪಟ್ಟೆ. ಆದರೆ ನಮ್ಮಂಥ ಪೇಟೆಗಳಲ್ಲಿ ಸೀರೆ ಅಂಗಡಿಯಲ್ಲಿ ಸಂಜೆಯವರೆಗೆ ನಿಲ್ಲುವ ಹುಡುಗಿ ತನ್ನ ಕೂಸನ್ನು ಎಲ್ಲಿ ಬಿಡಬೇಕು? 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದಾಯಿತು. ಅಂಗಡಿಯಲ್ಲಿ ಐವತ್ತು ಜನ ಎಲ್ಲಿರುತ್ತಾರೆ? ಮತ್ತೆ, ನಾಲ್ಕು ಸಲ ನೋಡಿಬರುವವಳು ತಾಯಿಯೇ ಯಾಕೆ? ಅಪ್ಪನಿಗೆ ಒಂದು ಸಲವೂ ಬೇಡವೇ?

ಆ ರಾತ್ರಿ ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. "ಕೆಲಸ ಬಿಡಬೇಡ ಕಣೇ, ಫೋನು ಅವನ ಕೈಗೆ ಕೊಡು" ಎಂದೆ. ಅಳಿಯನಿಗೆ, "ನಾಳೆಯಿಂದ ಮಗುವನ್ನು ಬಿಡೋದು ನೀವು, ಕರೆದುಕೊಂಡು ಬರೋದು ಅವಳು. ಒಂದು ತಿಂಗಳು ನೋಡಿ" ಎಂದೆ. ಒಳ್ಳೆಯ ಹುಡುಗ, ಒಪ್ಪಿದ. ಇಷ್ಟು ದಿನ ಯಾರೂ ಹೇಳಿರಲಿಲ್ಲ, ಅಷ್ಟೇ.

ಮಗು ಇನ್ನೂ ಒಂದೂವರೆ ತಿಂಗಳು ಅತ್ತ. ಆಮೇಲೆ ನಿಲ್ಲಿಸಿದ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. "ನೀನೂ ಹೀಗೇ ಅಳ್ತಿದ್ದೆ. ಅಮ್ಮ ಗದ್ದೆಗೆ ಹೋಗೋವಾಗ ನನ್ನನ್ನೇ ಒದೀತಿದ್ದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಶಾಲೆ ಗಂಟೆ ನಮ್ಮನೆಗೆ ಚೆನ್ನಾಗಿ ಕೇಳ್ತಿತ್ತು" ಎಂದಳು.