ಎಚ್‌ಪಿ ಒಂದೇ, ತಿರುಗಿಸುವ ಬಲ ಬೇರೆ

ಮೋಟಾರು ಕೊಳ್ಳುವಾಗ ನಮ್ಮವರು ಎಚ್‌ಪಿ ಎಷ್ಟು, ರೇಟು ಎಷ್ಟು ಎಂದು ಕೇಳುತ್ತಾರೆ. ನೇಮ್‌ಪ್ಲೇಟಿನ ಆರ್‌ಪಿಎಂ ಕಡೆಗೆ ಕಣ್ಣು ಹೋಗುವುದೇ ಇಲ್ಲ.

ಠಾಣೆಯಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯ ಗೆಳೆಯರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು ಸುಟ್ಟಿದೆ. "ಹಳತೂ 2 ಎಚ್‌ಪಿ, ಅಂಗಡಿಯವ ಕೊಡುವುದೂ 2 ಎಚ್‌ಪಿ. ಕ್ರಯವೂ ಕಮ್ಮಿ. ತೆಗೊಳ್ಳಲಾ ಮಾರಾಯ್ರೆ?" ಹಿಟ್ಟಿಲ್ಲದಿದ್ದರೆ ಬೆಳಗ್ಗೆ ಇಡ್ಲಿಯೂ ಇಲ್ಲ, ದೋಸೆಯೂ ಇಲ್ಲ, ಅವಸರ ಸಹಜ. ಎರಡರ ಆರ್‌ಪಿಎಂ ಓದಿಸಿದೆ. ಹಳತು 1420, ಹೊಸತು 2840.

ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ 2 ಪೋಲ್ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ, 4 ಪೋಲಿನದು 1500. ರೋಟರ್ ಅದರ ಬೆನ್ನು ಹತ್ತಿ ಓಡುತ್ತದೆ, ಆದರೆ ಸರಿಸಮ ಬರುವಂತಿಲ್ಲ. ಬಂದರೆ ರೋಟರಿನಲ್ಲಿ ಕರೆಂಟು ಹುಟ್ಟುವುದಿಲ್ಲ, ಬಲವೂ ಇಲ್ಲ. ಈ ಹಿಂದುಳಿಯುವಿಕೆಯೇ ಸ್ಲಿಪ್. ಪ್ಲೇಟಿನಲ್ಲಿ 1500 ಇರದೆ 1420 ಇರುವುದು ಅದಕ್ಕೇ.

ಇನ್ನು ಟಾರ್ಕ್, ಅಂದರೆ ತಿರುಗಿಸುವ ಬಲ. ಕಿಲೋವ್ಯಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ನ್ಯೂಟನ್ ಮೀಟರಿನಲ್ಲಿ ಸಿಗುತ್ತದೆ. 2 ಎಚ್‌ಪಿ ಎಂದರೆ 1.5 ಕಿಲೋವ್ಯಾಟ್, ಹಳತಕ್ಕೆ ಸುಮಾರು 10, ಹೊಸತಕ್ಕೆ 5. ಅದೇ ಪುಲ್ಲಿಗೆ ಹೊಸತನ್ನು ಕಟ್ಟಿದರೆ ಕಲ್ಲು ಎರಡರಷ್ಟು ವೇಗದಲ್ಲಿ ತಿರುಗಬೇಕು. ಗಟ್ಟಿ ಹಿಟ್ಟು ಕೇಳುವ ಬಲವೇನೂ ಕಡಿಮೆಯಾಗದು. ಅಂದರೆ 2 ಎಚ್‌ಪಿ ಮೋಟಾರಿನಿಂದ 4 ಎಚ್‌ಪಿಯ ದುಡಿಮೆ ಕೇಳಿದಂತಾಯಿತು. ವೇಗ ಕುಸಿಯುತ್ತದೆ, ಆಂಪಿಯರ್ ಏರುತ್ತದೆ, ವೈಂಡಿಂಗ್ ಮತ್ತೆ ಸುಡುತ್ತದೆ.

ಪುಲ್ಲಿ ಬದಲಿಸಿ ವೇಗವನ್ನು ಅರ್ಧಕ್ಕಿಳಿಸಿದರೆ ಕಲ್ಲಿಗೆ ಮೊದಲಿನಷ್ಟೇ ಬಲ ಸಿಗುತ್ತದೆ. ಅಂಗಡಿಯವನ ಮಾತು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಆದರೆ ಪುಲ್ಲಿ, ಬೆಲ್ಟು, ಫಿಟ್ಟರಿನ ಕೂಲಿ ಸೇರಿಸಿದರೆ ಉಳಿತಾಯ ಎಲ್ಲಿಂದ ಬಂತು? 4 ಪೋಲಿನದನ್ನೇ ತನ್ನಿ ಎಂದೆ.

ಪ್ಲೇಟಿನಲ್ಲಿ ಬರೆದಿರುವ ಕಿಲೋವ್ಯಾಟ್ ಶಾಫ್ಟಿನಲ್ಲಿ ಸಿಗುವುದು, ಮೀಟರಿನಲ್ಲಿ ಓಡುವುದಲ್ಲ. ದಕ್ಷತೆ ಶೇಕಡಾ 80 ಆದರೆ 1.5ಕ್ಕೆ ಸುಮಾರು 1.9 ಕಿಲೋವ್ಯಾಟ್ ಎಳೆಯುತ್ತದೆ. ಬಿಲ್ಲು ನೋಡಿ ಮೀಟರನ್ನು ಬೈಯುವವರು ಇದನ್ನು ಗಮನಿಸಬೇಕು.

ವೋಲ್ಟೇಜು ಇಳಿದಾಗಲಂತೂ ಬಲ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೋಲ್ಟೇಜು ಶೇಕಡಾ 80ಕ್ಕೆ ಬಂದರೆ ಟಾರ್ಕ್ ಶೇಕಡಾ 64. ತುಂಬಿದ ಕಲ್ಲನ್ನು ಆಗ ಚಾಲೂ ಮಾಡಿದರೆ ಮೋಟಾರು ಗುಂಯ್‌ಗುಟ್ಟುತ್ತಾ ನಿಂತಲ್ಲೇ ಬಿಸಿಯಾಗುತ್ತದೆ. ಅನುಭವಿ ಭಟ್ಟರು ಸ್ವಲ್ಪ ನೀರು ಹಾಕಿ, ಖಾಲಿ ಕಲ್ಲನ್ನು ತಿರುಗಲು ಬಿಟ್ಟು, ಆಮೇಲೆ ಮುಷ್ಟಿಮುಷ್ಟಿಯಾಗಿ ಅಕ್ಕಿ ಹಾಕುತ್ತಾರಲ್ಲ, ಹಾಗೆ ಮಾಡಿ.