ಅಕ್ಕಿ ಡಬ್ಬಿಯೊಳಗಿನ ಪಾವು

ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ಕೈಗೆ ಸಿಗುವುದು ಪಾವು. ಕಬ್ಬಿಣದ ತಗಡಿನದೋ ಹಿತ್ತಾಳೆಯದೋ, ಕೈ ತಾಗಿ ತಾಗಿ ಅಂಚು ನುಣುಪಾದದ್ದು, ಯಾವ ಕಾಲದಲ್ಲೋ ಕೆಳಗೆ ಬಿದ್ದು ಒಂದು ಕಡೆ ತಗ್ಗಾದದ್ದು. ಸೌದೆ ಒಲೆ ಹೋಗಿ ಗ್ಯಾಸ್ ಬಂತು, ಒರಳು ಹೋಗಿ ಮಿಕ್ಸಿ ಬಂತು, ಹಿತ್ತಾಳೆ ಚರಿಗೆ ಅಟ್ಟ ಸೇರಿತು. ಪಾವು ಮಾತ್ರ ಇದ್ದಲ್ಲೇ ಇದೆ. ನಾಲ್ವರು ನೆಂಟರು ಬರುತ್ತಾರೆಂದರೆ ‘ಇನ್ನೊಂದು ಪಾವು ಜಾಸ್ತಿ ಹಾಕು’ ಎನ್ನುತ್ತಾರೆಯೇ ಹೊರತು ಇಷ್ಟು ಗ್ರಾಂ ಹಾಕು ಎಂದವರಿಲ್ಲ.

ಅಂಗಡಿಯಿಂದ ಪಾವು, ಸೇರುಗಳನ್ನು ಹೊರಗೆ ಹಾಕಿ ಅರವತ್ತು ವರ್ಷ ದಾಟಿತು. ತೂಕ ಮತ್ತು ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತ ಹಂತವಾಗಿ ಜಾರಿಯಾಗಿ, 1962ರ ಹೊತ್ತಿಗೆ ವ್ಯಾಪಾರವೆಲ್ಲ ಕಿಲೋ, ಲೀಟರುಗಳ ಪಾಲಾಯಿತು. ಆದರೆ ಕಾಯ್ದೆಯ ಕೈ ಅಂಗಡಿಯ ತಕ್ಕಡಿವರೆಗೆ ಮಾತ್ರ. ಅಡುಗೆಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದು ನೋಡುವ ಇನ್ಸ್‌ಪೆಕ್ಟರ್ ಇನ್ನೂ ಹುಟ್ಟಿಲ್ಲ.

ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು, ಲೆಕ್ಕ ಇಷ್ಟೇ. ಗೊಂದಲವಿರುವುದು ಸೇರಿನಲ್ಲಿ. ತೂಕದ ಸೇರೇ ಬೇರೆ, ಅಳತೆಯ ಸೇರೇ ಬೇರೆ. 80 ತೊಲದ ತೂಕದ ಸೇರು ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಅಡುಗೆಮನೆಯದು ಅಳತೆಯ ಸೇರು. ಅದರಲ್ಲಿ ಅಕ್ಕಿ ತುಂಬಿದರೆ ಒಂದು ತೂಕ, ಮಂಡಕ್ಕಿ ತುಂಬಿದರೆ ಇನ್ನೊಂದು. ಬಾಯಿಮಟ್ಟ ಸವರಿದರೆ ಒಂದು ಅಳತೆ, ಗೋಪುರ ಕಟ್ಟಿದಂತೆ ತುಂಬಿದರೆ ಇನ್ನೊಂದು. ಸಾಲದ್ದಕ್ಕೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಿರಲಿಲ್ಲ. ಕಾಯ್ದೆ ಬರಬೇಕಾಗಿ ಬಂದದ್ದೂ ಅದಕ್ಕೇ.

ಹಾಗೆಂದು ಸೇರು ಪೂರ್ತಿ ಸೋತಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ‘ಸೇರಿಗೆಷ್ಟು?’ ಎಂಬ ಕೇಳಿಕೆಯೇ ಕಿವಿಗೆ ಬೀಳುತ್ತದೆ. ಮದುವೆಯಾಗಿ ಬಂದ ಸೊಸೆ ಹೊಸಿಲ ಮೇಲಿನ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದೇ ಒಳಗೆ ಬರಬೇಕು; ಒಂದು ಕಿಲೋ ಪ್ಯಾಕೆಟ್ಟನ್ನು ಒದ್ದರೆ ಶಾಸ್ತ್ರವಾಗುವುದಿಲ್ಲ. ಧಾನ್ಯ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರು ಮಾಡುವ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಜಗಳಕ್ಕೆ ನಿಂತವರು ಈಗಲೂ ‘ಸೇರಿಗೆ ಸವ್ವಾಸೇರು’.

ಪಾವಿನ ನಿಜವಾದ ಬೆಲೆ ಗೊತ್ತಾಗುವುದು ಅದು ಕಳೆದುಹೋದಾಗ. ಚಕ್ಕುಲಿಗೆ ನಾಲ್ಕು ಅಳತೆ ಅಕ್ಕಿ ಹಿಟ್ಟು, ಒಂದು ಅಳತೆ ಉದ್ದಿನ ಹಿಟ್ಟು ಎಂದರೆ ಯಾವ ಲೋಟದಲ್ಲಿ ಅಳೆದರೂ ನಡೆಯುತ್ತದೆ. ತೊಡಕು ಬರುವುದು ಅಳೆದದ್ದೂ ಎಣಿಸಿದ್ದೂ ಒಂದೇ ಪಾತ್ರೆಗೆ ಬೀಳುವಲ್ಲಿ. ಒಂದು ಪಾವು ಕಡಲೆಬೇಳೆಗೆ ಇಷ್ಟು ಅಚ್ಚು ಬೆಲ್ಲ, ಇಷ್ಟು ಹೋಳು ಕಾಯಿ ಎಂದು ಅಜ್ಜಿ ಹೇಳಿದ್ದು ಆ ಮನೆಯ ಪಾವಿನ ಲೆಕ್ಕ. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಸೇರಿನಲ್ಲಿ, ಮೆಣಸಿನಕಾಯಿ ತಕ್ಕಡಿಯಲ್ಲಿ. ಸೇರು ಬದಲಾಯಿತೋ, ಖಾರ ಏರಿತು, ಇಲ್ಲವೇ ಇಳಿಯಿತು.

ಅಣ್ಣತಮ್ಮಂದಿರ ಮನೆ ಪಾಲಾಗುವಾಗ ಜಮೀನಿಗೆ ಅಳತೆಗಾರ ಬರುತ್ತಾನೆ, ಬೆಳ್ಳಿಗೆ ತಕ್ಕಡಿ ಬರುತ್ತದೆ. ಪಾವನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ. ಅಕ್ಕಿ ಡಬ್ಬಿ ಯಾರ ಪಾಲಿಗೋ ಪಾವೂ ಅವರ ಪಾಲಿಗೆ. ಬೇರೆ ಮನೆ ಹೂಡಿದ ಕಿರಿಯ ಸೊಸೆ ಅದೇ ಅತ್ತೆಯಿಂದ ಕಲಿತ ಹೂರಣವನ್ನು ಹೊಸ ಲೋಟದಲ್ಲಿ ಅಳೆದು ಮಾಡುತ್ತಾಳೆ. ಹೋಳಿಗೆ ಸಪ್ಪೆಯಾದರೆ ‘ದೊಡ್ಡವಳ ಕೈಗುಣ ಇವಳಿಗೆಲ್ಲಿ ಬರಬೇಕು’ ಎಂಬ ಮಾತು ಹುಟ್ಟುತ್ತದೆ. ತಪ್ಪು ಕೈಯದಲ್ಲ, ಅಳತೆಯದು ಎಂದು ಯಾರಿಗೂ ಹೊಳೆಯುವುದಿಲ್ಲ. ಬರಿಯ ಒಂದು ತಗಡಿನ ಡಬ್ಬಿಗಾಗಿ ಒಬ್ಬಳು ವರ್ಷಗಟ್ಟಲೆ ಮಾತು ಕೇಳಬೇಕು.

ಇತ್ತೀಚೆಗೆ ಪಾವಿನ ಜಾಗಕ್ಕೆ ಬರುತ್ತಿರುವುದು ಎಲೆಕ್ಟ್ರಿಕ್ ರೈಸ್ ಕುಕ್ಕರಿನ ಜತೆ ಸಿಗುವ ಪ್ಲಾಸ್ಟಿಕ್ ಕಪ್ಪು. ಅದು ಹೊಸದೆಂದು ತಿಳಿದವರೇ ಹೆಚ್ಚು. ಸಾಮಾನ್ಯವಾಗಿ ಅದು ಹಿಡಿಯುವುದು 180 ಮಿಲಿಲೀಟರ್. ಈ ಲೆಕ್ಕ ಬಂದದ್ದು ಜಪಾನಿನ ‘ಗೋ’ ಎಂಬ ಹಳೆಯ ಅಳತೆಯಿಂದ. ಅಲ್ಲಿಯೂ ಸರ್ಕಾರ 1959ರಲ್ಲಿ ಹಳೆಯ ಅಳತೆಗಳನ್ನು ವ್ಯಾಪಾರದಿಂದ ತೆಗೆಯಿತು. ಅಲ್ಲಿಯ ಅಡುಗೆಮನೆಯೂ ಬಿಟ್ಟುಕೊಡಲಿಲ್ಲ. ಕುಕ್ಕರ್ ಮಾಡಿದವರು ‘ಗೋ’ವನ್ನೇ ಡಬ್ಬಿಯಲ್ಲಿಟ್ಟು ಜಗತ್ತಿಗೆಲ್ಲ ಕಳಿಸಿದರು. ಇಲ್ಲಿಯ ಪಾವನ್ನು ಬದಿಗೆ ಸರಿಸಿದ್ದು ಅಲ್ಲಿಯ ಪಾವು!

ಪಾತ್ರೆ ಅಂಗಡಿಗಳಲ್ಲಿ ಸ್ಟೀಲಿನ ಪಾವು ಈಗಲೂ ಸಿಗುತ್ತದೆ. ಆದರೆ ಅದು ಹಳೆಯದರಷ್ಟೇ ಹಿಡಿಯುತ್ತದೆಂಬ ಭರವಸೆಯಿಲ್ಲ. ಮನೆಯ ಪಾವಿನಲ್ಲಿ ಬಾಯಿಮಟ್ಟ ನೀರು ತುಂಬಿ, ಮಿಲಿಲೀಟರ್ ಗುರುತಿರುವ ಜಗ್ಗಿಗೆ ಸುರಿದು ನೋಡಿದರೆ ಅಳತೆ ತಿಳಿಯುತ್ತದೆ. ಒಂದು ಪಾವು ಅಕ್ಕಿಯನ್ನು ಅಂಗಡಿಯವನ ತಕ್ಕಡಿಯಲ್ಲಿಟ್ಟರೆ ತೂಕವೂ ಸಿಗುತ್ತದೆ. ಈ ಎರಡು ಅಂಕಿಗಳನ್ನು ಅಡುಗೆ ಬರೆದಿಟ್ಟ ಪುಸ್ತಕದ ಮೊದಲ ಪುಟದಲ್ಲಿ ಗುರುತು ಮಾಡಿಟ್ಟರೆ ಅಮೆರಿಕದಲ್ಲಿರುವ ಮಗಳಿಗೂ, ಪಕ್ಕದ ಬೀದಿಯ ಕಿರಿಯ ಸೊಸೆಗೂ ಅಜ್ಜಿಯ ಹೂರಣ ಕೈಗೆ ಹತ್ತುತ್ತದೆ. ತಗ್ಗಾದ ಪಾವನ್ನು ತಟ್ಟಿ ಸರಿಮಾಡುವ ಉತ್ಸಾಹ ಮಾತ್ರ ಬೇಡ. ಆ ಮನೆಯ ಅಡುಗೆ ಹದಗೊಂಡಿರುವುದು ಆ ತಗ್ಗನ್ನೂ ಸೇರಿಸಿಕೊಂಡೇ.